ಶನಿವಾರದವರೆಗೆ ಕಾಯಬೇಡ

ಸೂರತ್, ಜೂನ್ ೧೯೬೬

ಮಗೂ ಪಾಂಡು,

ಬರೋಡಾದ ಹಾಸ್ಟೆಲಿನಲ್ಲಿ ಜ್ವರ ಬಂದು ನೀನು ಹೋಗಿ ಎರಡು ವರ್ಷವಾಯಿತು. ಆದರೂ ಅಲ್ಲಿನ ಕಾಲೇಜಿನ ಮಾತು ಬಂದರೆ ನಮ್ಮ ರೈಲ್ವೆ ಕಾಲೋನಿಯವರು ನನ್ನನ್ನೇ ಕೇಳುತ್ತಾರೆ. ಇವತ್ತು ಪಕ್ಕದ ಮನೆಯ ವನಮಾಲಾ ತನ್ನ ಮಗಳು ಉಷಾಳನ್ನು ಕರೆದುಕೊಂಡು ಬಂದಿದ್ದಳು. ಬರೋಡಾಕ್ಕೆ ಕಳಿಸುವುದೋ, ಇಲ್ಲೇ ಸೂರತ್ತಿನಲ್ಲಿ ಸೇರಿಸುವುದೋ ಎಂದು ಅವರಿಗೆ ಯೋಚನೆ.

ನೀನು ಹೇಳುತ್ತಿದ್ದುದನ್ನೆಲ್ಲ ಹೇಳಿದೆ. ಸೊಳ್ಳೆಪರದೆ ಬೇಕೇ ಬೇಕು. ಮೆಸ್ಸಿನವರು ಬೇಳೆಗೆ ಬೆಲ್ಲ ಸುರಿಯುತ್ತಾರೆ, ನಮ್ಮ ಬಳ್ಳಾರಿಯ ಖಾರ ತಿಂದ ನಾಲಿಗೆಗೆ ಅದು ಇಳಿಯುವುದಿಲ್ಲ, ಚಟ್ನಿಪುಡಿ ಇಟ್ಟುಕೊಂಡಿರಬೇಕು. ತೀರಾ ಬೇಸರವಾದರೆ ಫತೇಗಂಜಿನಲ್ಲಿ ಉಡುಪಿಯವರ ಹೋಟೆಲಿದೆ. ಉಷಾ ನಕ್ಕಳು. ಹೊರಡುವ ಮುಂಚೆ ನೀನೂ ಹೀಗೇ ನಗುತ್ತಿದ್ದೆ.

"ಮೈ ಬೆಚ್ಚಗಾದ್ರೂ ಸಾಕು, ಶನಿವಾರದವರೆಗೆ ಕಾಯಬೇಡ. ಸಿಕ್ಕಿದ ರೈಲು ಹತ್ತಿ ಬಂದುಬಿಡು" ಅಂದೆ.

ವನಮಾಲಾಗೆ ಅದು ಸರಿಬರಲಿಲ್ಲ. "ಅಯ್ಯೋ ಅಕ್ಕಾ, ಸಣ್ಣಪುಟ್ಟದ್ದಕ್ಕೆಲ್ಲ ಮನೆಗೆ ಓಡಿ ಬಂದ್ರೆ ಹಾಸ್ಟೆಲ್ ಒಗ್ಗೋದು ಯಾವಾಗ?"

ಜ್ವರವೆಂದು ನೀನು ಕಾಗದ ಬರೆದಾಗ, ಶನಿವಾರ ಬಂದರಾಯಿತು ಎಂದು ನಾನೂ ಹೀಗೇ ಬರೆದಿದ್ದೆ. ಮಾತೂ ನನ್ನದೇ, ಧಾಟಿಯೂ ನನ್ನದೇ. ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಸುಮ್ಮನೆ ನೋಡುತ್ತಾ ನಿಂತಿದ್ದೆ.

ಲೋಟ ಕೈಗೆ ಕೊಟ್ಟಾಗ ಉಷಾ ಕೇಳಿದಳು: "ಕೊನೆಗೆ ಯಾವ ಕಾಲೇಜು ಒಳ್ಳೇದು ಅಂತೀರಿ, ದೊಡ್ಡಮ್ಮ?"

"ಸಂಜೆ ಮನೆಗೆ ವಾಪಸ್ ಬರೋಕಾಗೋದು, ಕಣಮ್ಮ" ಅಂದೆ.

ನಿನ್ನ ಅಮ್ಮ