ಹೊಸ್ತಿಲು ದಾಟದ ಮಾತು

ಮಂಗಳವಾರ, ಮಧ್ಯಾಹ್ನದ ಬಿಡುವು
ಬಸ್ ಡಿಪೋ, ಸೀಟು ಹೊಲಿಯುವ ಶೆಡ್ಡು

ನಮ್ಮನೆ ರಿಪೇರಿ ರಾಣಿಗೆ ಅಪ್ಪನ ನಮಸ್ಕಾರ.

ಮಗಳಿಗೆ ಯಾರಾದರೂ ನಮಸ್ಕಾರ ಹಾಕುತ್ತಾರಾ ಅನ್ನಬೇಡ. ಕೆಲಸ ಆಗಬೇಕಾದಾಗ ನಾನು ಡಿಪೋ ನಾಯಿಗೂ ಹಾಕುತ್ತೇನೆ. ಫೋನ್ ಬಿಟ್ಟು ಕಾಗದ ಯಾಕೆ ಅಂದರೆ, ಮನೆ ಇರುವುದೇ ಎರಡು ಕೋಣೆ, ನಿನ್ನಮ್ಮ ಮಲಗಿದ್ದರೂ ಅವಳ ಕಿವಿ ಎದ್ದೇ ಇರುತ್ತದೆ. ಇಲ್ಲಿಂದ ಮಾಡೋಣ ಅಂದರೆ ಹೊಲಿಗೆ ಮೆಷಿನ್ ಸದ್ದಿಗೆ ಕಿರುಚಬೇಕು. ಇದು ಕಿರುಚಿ ಹೇಳುವ ವಿಷಯ ಅಲ್ಲ. ಏಳನೇ ಕ್ಲಾಸಿನ ಅಕ್ಷರ, ಹೊಲಿಗೆ ತಪ್ಪಿದ ಹಾಗೆ ಕಂಡರೆ ನೀನೇ ಬಿಚ್ಚಿ ಓದಿಕೋ.

ವಿಷಯ ಆ ಕರಿ ಡಬ್ಬದ್ದು. ನೀನು ತಂದು ಗೂಡಿನಲ್ಲಿಟ್ಟು ಹೇಳಿದ್ದೆಯಲ್ಲ, ಇದಕ್ಕೆ ಇಂಟರ್ನೆಟ್ ಇಲ್ಲ, ನಮ್ಮ ಕಾಗದಪತ್ರ ಓದಿಕೊಂಡು ನಾವು ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಕೊಡುತ್ತೆ, ಮನೆಯ ಮಾತು ಹೊಸ್ತಿಲು ದಾಟಲ್ಲ ಅಂತ. ನಮಗೂ ಅದೇ ಬೇಕಿತ್ತು. ಅಮ್ಮನ ಕ್ಯಾನ್ಸರ್ ಮೂಳೆಗೆ ಇಳಿದಿದೆ ಅನ್ನುವುದು ನೀನು, ನಾನು, ಡಾಕ್ಟರ್ ಬಿಟ್ಟು ಯಾರಿಗೂ ತಿಳಿಯಬಾರದಿತ್ತು. ಒಬ್ಬ ನೆಂಟನಿಗೆ ತಿಳಿದರೂ ಮಂಚದ ಪಕ್ಕ ಬಂದು ಕೂತು ಮೂಗೊರೆಸುತ್ತಾನೆ, ಅವಳಿಗೆ ಗೊತ್ತಾಗಿಬಿಡುತ್ತೆ. ಅವಳಿಗೆ ನಾವು ಹೇಳಿದ್ದು ಬೆನ್ನುಮೂಳೆ ಸವೆದಿದೆ ಅಂತ ಮಾತ್ರ.

ನೀನು ಡಬ್ಬದಲ್ಲಿ ಎರಡು ಖಾನೆ ಮಾಡಿಕೊಟ್ಟಿದ್ದೆ. ಒಂದು ಮನೆಯವರೆಲ್ಲರದು, ಇನ್ನೊಂದು ಬೀಗ ಹಾಕಿದ್ದು, ನಮ್ಮಿಬ್ಬರದು. ಆಸ್ಪತ್ರೆ ರಿಪೋರ್ಟೆಲ್ಲ ಬೀಗದ ಕಡೆ ಹಾಕಪ್ಪಾ ಅಂತ ಮತ್ತೆ ಮತ್ತೆ ಹೇಳಿ ಬಸ್ ಹತ್ತಿದೆ. ನಾನು ಹಳೆ ಸ್ಪಂಜು, ಹೊಸ ಸ್ಪಂಜು, ಚಿಂದಿ ಎಲ್ಲ ಒಂದೇ ಕವರಿಗೆ ತುರುಕಿ ಬಾಯಿ ಹೊಲಿಯುವ ಜಾತಿಯವನು. ಕರೆಂಟ್ ಬಿಲ್ಲು, ಬಾಡಿಗೆ ಕರಾರು, ನನ್ನ ಸಕ್ಕರೆ ರಿಪೋರ್ಟು, ಅಮ್ಮನದು, ಎಲ್ಲದರ ಫೋಟೋ ತೆಗೆದು ಒಂದೇ ಖಾನೆಗೆ ತುಂಬಿದೆ. ಬೀಗದ ಖಾನೆ ಇವತ್ತಿಗೂ ಖಾಲಿ. ಹೊರಗಿನವರಿಗೆಲ್ಲ ಬಾಗಿಲು ಹಾಕಿದೆವು ಮಗಳೇ. ಯಾರಿಂದ ಮುಚ್ಚಿಡಬೇಕಿತ್ತೋ ಅವಳು ಒಳಗೇ ಇದ್ದಳು.

ಮೊನ್ನೆ ಅವಳ ಕಾಲು ಒತ್ತುತ್ತಾ ನನ್ನ ಮಾಮೂಲಿ ಪುರಾಣ ಬಿಡುತ್ತಿದ್ದೆ. ಮುಂದಿನ ವರ್ಷ ನೀನು ಎದ್ದು ಓಡಾಡುವಾಗ ನಿನಗೆ ಅಂತಲೇ ಬಸ್ಸಿಗೊಂದು ಸೀಟು ಹೊಲಿದು ಹಾಕುತ್ತೇನೆ, ಕಿಟಕಿ ಪಕ್ಕ, ಡಬಲ್ ಸ್ಪಂಜು, ಕಂಡಕ್ಟರ್ ಟಿಕೆಟ್ ಕೇಳಿದರೆ ಸೀಟಿನ ಯಜಮಾನಿ ನಾನೇ ಅನ್ನು ಅಂದೆ. ನಕ್ಕಳು. ಅವಳ ನಗು ನಿನಗೆ ಗೊತ್ತಲ್ಲ, ಮೂಗಿನಿಂದ ಶುರುವಾಗುತ್ತೆ. ನಕ್ಕು ಮುಗಿಸಿ ಅಂದಳು:

"ರೀ, ಮುಂದಿನ ವರ್ಷದ ಮಾತು ಸಾಕು. ಡಬ್ಬ ನನಗೆಲ್ಲಾ ಹೇಳಿದೆ."

ಒತ್ತುವುದು ಬಿಟ್ಟು, ಯಾವಾಗ ಅಂತ ಕೇಳಿದೆ.

ನೀನು ಡಬ್ಬ ಇಟ್ಟು ಹೋದ ಹೊಸತರಲ್ಲೇ ಆದದ್ದಂತೆ. ಬಿಳಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿದಳಂತೆ. ಆಮೇಲೆ ಅಂದಿತಂತೆ. ಇದು ಬೆನ್ನು ಸವೆದಿರುವುದಕ್ಕೆ ತಾನೇ ಅಂದಳಂತೆ. ಅದು ಪಾಪ, ರಿಪೋರ್ಟಿನಲ್ಲಿದ್ದದ್ದನ್ನು ಮೆಲ್ಲಗೆ ಹೇಳಿತಂತೆ, ಡಾಕ್ಟರ ಹತ್ತಿರ, ಮನೆಯವರ ಹತ್ತಿರ ಮಾತಾಡಿ ಅಂತಲೂ ಅಂದಿತಂತೆ. ಅವಳು ಮನೆಯವರ ಹತ್ತಿರ ಮಾತಾಡಲಿಲ್ಲ. ಆಗಿನ್ನೂ ಓಡಾಡುತ್ತಿದ್ದಳಲ್ಲ, ಸಂಜೆ ನಾನು ಬಂದಾಗ ಟೀ ಕೈಗಿಟ್ಟು, ಬೆನ್ನು ಇವತ್ತು ಪರವಾಗಿಲ್ಲ ಅಂದಿದ್ದಳು.

ಯಾಕೆ ಮುಚ್ಚಿಟ್ಟೆ ಅಂತ ಕೇಳಿದೆ. ನೋಡು, ಕೇಳುವುದಕ್ಕೆ ನನಗೂ ಮುಖ ಇತ್ತು.

"ನೀವಿಬ್ರೂ ಅಷ್ಟು ಕಷ್ಟಪಟ್ಟು ನಾಟಕ ಆಡ್ತಿದ್ರಿ. ಅದನ್ನೂ ನಿಲ್ಸಿಬಿಟ್ರೆ ನಿಮಗೆ ಮಾಡೋಕೆ ಬೇರೇನಿತ್ತು?"

ಮರುದಿನ ಅವಳು ನಿದ್ದೆ ಹೋದಾಗ ಡಬ್ಬದ ಮುಂದೆ ಕೂತು, ಇವಳು ನಿನ್ನನ್ನು ಏನೇನು ಕೇಳುತ್ತಾಳೆ ಅಂದೆ. ಹೇಳಿತು. ಕೊನೆಗೆ ಉಸಿರು ಕಟ್ಟುತ್ತಾ? ನೋವಿಗೆ ಕಿರುಚಿದರೆ ಪಕ್ಕದ ಮನೆಗೆ ಕೇಳುತ್ತಾ? ಬಾಡಿಗೆ ಕರಾರು ಯಾರ ಹೆಸರಲ್ಲಿದೆ, ನಾನು ಹೋದ ಮೇಲೆ ಇವರನ್ನು ಖಾಲಿ ಮಾಡಿಸುತ್ತಾರಾ? ಇವರ ಸಕ್ಕರೆ ರಿಪೋರ್ಟ್ ಓದು, ಒಬ್ಬರೇ ಇರುವಾಗ ಏನು ತಿನ್ನಬಾರದು ಹೇಳು. ಅದೇ ಮನೆಯಲ್ಲಿ ನಾನೂ ಇದ್ದೆ ಮಗಳೇ, ಜೋಕು ಹೊಡೆದುಕೊಂಡು. ನನ್ನ ಹೆಂಡತಿಗೆ ತನ್ನ ಸಾವಿನ ಮಾತಾಡಲು ಇದ್ದದ್ದು ಆ ಡಬ್ಬ ಒಂದೇ.

ನಿನಗೆ ಹೇಳಕೂಡದು ಅಂತ ಆಣೆ ಮಾಡಿಸಿಕೊಂಡಿದ್ದಾಳೆ. ಡಬ್ಬ ತಂದಿಟ್ಟವಳು ನೀನು, ಗೊತ್ತಾದರೆ ಬದುಕಿರುವಷ್ಟು ದಿನ ಕೊರಗುತ್ತೀಯ ಅಂತ. ಅದಕ್ಕೇ ಪ್ರತಿ ಭಾನುವಾರ ನೀನು ಫೋನ್ ಮಾಡಿ ಬೆನ್ನು ಹೇಗಿದೆಯಮ್ಮಾ ಅಂದಾಗ ಪರವಾಗಿಲ್ಲ ಅನ್ನುತ್ತಾಳೆ. ಇಟ್ಟ ಮೇಲೆ ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ.

ಆಣೆ ಮುರಿದಿದ್ದೇನೆ. ಡಾಕ್ಟರು ಈಗ ತಿಂಗಳ ಮಾತು ಬಿಟ್ಟಿದ್ದಾರೆ, ವಾರದ ಮಾತಾಡುತ್ತಿದ್ದಾರೆ. ಅಂಗಡಿಯಲ್ಲಿ ರಿಪೇರಿಗೆ ಬಂದ ಕಂಪ್ಯೂಟರ್ ಬಹಳ ಇವೆ, ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೆಯಲ್ಲ, ಬೇಡ. ಈಗಲೇ ಹೊರಟು ಬಾ. ನೀನು ಮಾಡಿದ ಖಾನೆ ಸರಿಯಾಗೇ ಇತ್ತು, ತುಂಬಿದವನು ನಾನು. ಬರುವಾಗ ಆ ಬೆನ್ನುನೋವಿನ ದನಿಯನ್ನು ಅಲ್ಲೇ ಬಿಟ್ಟು ಬಾ. ಅಳು ಬಂದರೆ ಅವಳ ಪಕ್ಕ ಕೂತೇ ಅಳು. ನಾನು ಅಳಲು ಹೋದರೆ ಅವಳಿಗೆ ನಗು ಬರುತ್ತೆ, ಇಷ್ಟು ವರ್ಷದ ಅಭ್ಯಾಸ.

ನನಗೂ ಅವಳಿಗೆ ಹೇಳುವುದೊಂದಿದೆ. ಅವಳಿಲ್ಲದ ಮನೆಗೆ ಸಂಜೆ ಬಂದು ನಾನೇ ಬೀಗ ತೆಗೆಯುವುದು ನನ್ನ ಕೈಲಾಗಲ್ಲ, ಹೆದರಿಕೆಯಾಗುತ್ತೆ. ಅಷ್ಟೇ. ಅವಳ ಮುಂದೆ ಬಾಯಿ ತೆರೆದರೆ ಸೀಟು, ಕಂಡಕ್ಟರ್ ಅಂತ ಏನೋ ಉದುರುತ್ತೆ. ನಿನಗೆ ಬರೆಯುವುದು ಸುಲಭ.

ತಲೆಯಲ್ಲೂ ಸ್ಪಂಜೇ ತುಂಬಿಕೊಂಡಿರುವ,
ನಿನ್ನ ಅಪ್ಪ

ಮರೆತಿದ್ದೆ: ಲಕೋಟೆ ಅಂಟಿಸುವ ಮುಂಚೆ ಈ ಕಾಗದದ ಫೋಟೋ ತೆಗೆದುಕೊಂಡಿದ್ದೇನೆ. ಇವತ್ತು ಮನೆಗೆ ಹೋಗಿ ಡಬ್ಬಕ್ಕೆ ಹಾಕುತ್ತೇನೆ, ಎಲ್ಲರ ಖಾನೆಗೇ. ಈ ಸಲ ಗೊತ್ತಿದ್ದೇ ಹಾಕುವುದು. ನಾಳೆ ನಾನು ಕೆಲಸಕ್ಕೆ ಬಂದ ಮೇಲೆ ಅವಳು, ಹೊಸದೇನು ತುಂಬಿದ್ದಾರೆ ಓದು ಅಂತ ಕೇಳೇ ಕೇಳುತ್ತಾಳೆ. ಆಣೆ ಮುರಿದದ್ದೂ ತಿಳಿಯುತ್ತೆ, ಬೀಗ ತೆಗೆಯುವ ಮಾತೂ ತಿಳಿಯುತ್ತೆ. ನಾಳೆ ಸಂಜೆ ನಾನು ಒಳಗೆ ಬಂದಾಗ, ಬೆನ್ನು ಪರವಾಗಿಲ್ಲ ಅಂತ ಅವಳು ಅನ್ನದೇ ಇದ್ದರೆ ಅಷ್ಟು ಸಾಕು.