ಹಿಂದಿನ ಚಕ್ರದ ಪಿನ್ನು

ಮನೆಯಿಂದ,
ಮಾರ್ಚ್ ೧೦, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊದಲು ಕಾಲಿನ ಸಂಗತಿ ಬರೆ. ಗಣಿಯ ಉಗ್ರಾಣದ ಸಿಮೆಂಟು ನೆಲ ಪಾದದಿಂದ ಸೊಂಟದವರೆಗೆ ಥಂಡಿ ಏರಿಸುತ್ತದೆ ಎಂದು ನೀನು ಬರೆದಿದ್ದೆ. ನಾನು ಕಳಿಸಿದ ಉಣ್ಣೆಯ ಪಟ್ಟಿಯನ್ನು ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದರಿಂದ ತಕ್ಕಡಿ ಒರೆಸುತ್ತಿದ್ದೀಯೋ? ನಿನ್ನನ್ನು ನಂಬುವ ಹಾಗಿಲ್ಲ. ನಾನು ಚೆನ್ನಾಗಿದ್ದೇನೆ. ಕರಡು ತಿದ್ದುವ ಕೆಲಸ ಕೈತುಂಬ ಇದೆ, ಕನ್ನಡಕದ ನಂಬರು ಮತ್ತೆ ಏರಿದೆ. ನಿನ್ನ ಮಗಳೂ ಆರೋಗ್ಯವಾಗಿದ್ದಾಳೆ, ಆದರೆ ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಇದನ್ನು ಬರೆಯುತ್ತಿರುವಾಗಲೂ ಪಕ್ಕದ ಕೋಣೆಯಲ್ಲಿ ಬೀರುವಿನ ಬಾಗಿಲು ಧಡಾರ್ ಅನ್ನುತ್ತಿದೆ. ಕೋಪದಲ್ಲಿ ಥೇಟ್ ನೀನೇ.

ವಿಷಯ ಆ ಡರ್ಟ್ ಬೈಕಿನದು. ನೀನು ಈಗಾಗಲೇ ಒಂದು ಸಾಲಿನಲ್ಲಿ ತೀರ್ಪು ಕೊಟ್ಟಿದ್ದೀಯ: ‘ಬೇಡ, ನಮ್ಮ ರಕ್ತದಲ್ಲೇ ವೇಗ ಇದೆ, ಅದು ಯಾರ ಹಿಡಿತಕ್ಕೂ ಸಿಗೋದಲ್ಲ.’ ಆ ಸಾಲನ್ನು ಅವಳು ಕನ್ನಡಿಯ ಮೂಲೆಗೆ ಅಂಟಿಸಿಕೊಂಡಿದ್ದಾಳೆ, ದಿನಾ ತಲೆ ಬಾಚುವಾಗ ಓದುತ್ತಾಳೆ. ಎರಡು ವರ್ಷ ಮಕ್ಕಳಿಗೆ ಈಜು ಕಲಿಸಿ ಕೂಡಿಸಿದ ದುಡ್ಡು ಅವಳದು. ಹೆಸರಾಂತ ಕಂಪನಿಯ ಬೈಕಿಗೆ ಅದು ಕಾಲುಭಾಗಕ್ಕೂ ಸಾಲದು. ಪರದೇಶದಿಂದ ಪೆಟ್ಟಿಗೆಯಲ್ಲಿ ಬರುವ ಈ ಅಗ್ಗದ ಬೈಕಿಗಾದರೆ ಸಾಕು. ಅಂಗಡಿಯವನು ಶನಿವಾರದವರೆಗೆ ಮಾತ್ರ ಕಾಯುತ್ತಾನಂತೆ. ಆಮೇಲೆ ಅದು ಬೇರೆಯವರ ಪಾಲು, ಮಣ್ಣಿನ ಟ್ರ್ಯಾಕಿನ ತರಬೇತಿಯಲ್ಲಿ ಅವಳಿಗೆ ಸಿಕ್ಕಿರುವ ಜಾಗವೂ ಬೇರೆಯವರ ಪಾಲು. ಹೋದ ವಾರ ನನ್ನ ಮುಂದೆ ಕೂತು ಅಂದಳು: ‘ಅತ್ತೆ, ನೀನೇ ಬಂದು ನೋಡು. ತಪ್ಪು ಹುಡುಕೋದೇ ನಿನ್ನ ಕಸುಬು. ಕಂಡಿದ್ದನ್ನ ಅಪ್ಪನಿಗೆ ಹಾಗೇ ಬರಿ. ಆಮೇಲೂ ಬೇಡ ಅಂದ್ರೆ ನಾನು ತುಟಿ ಬಿಚ್ಚೋದಿಲ್ಲ.’ ಅದಕ್ಕೇ ನಿನ್ನೆ ಹೋದೆ.

ಅಂಗಡಿಯ ಮೆಕ್ಯಾನಿಕ್ ವಯಸ್ಸಾದವರು, ಮಾತು ಮೆಣಸಿನಷ್ಟು ಖಾರ. ತಗಡಿನ ಶೆಡ್ಡಿನೊಳಗೆ ಪೆಟ್ಟಿಗೆ ಒಡೆದು ಎಲ್ಲವನ್ನೂ ಗೋಣಿಯ ಮೇಲೆ ಹರಡಿದ್ದರು. ‘ಪೆಟ್ಟಿಗೆಯಿಂದ ಬಂದ ದಿನ ಇದು ಬೈಕಲ್ಲಮ್ಮ, ಬೈಕಿನ ವೇಷ ಹಾಕಿರೋ ಸಾಮಾನು’ ಅಂದರು. ಹ್ಯಾಂಡಲಿನ ಬೇರಿಂಗಿಗೆ ಗ್ರೀಸಿನ ವಾಸನೆಯೂ ಇಲ್ಲ. ಚಕ್ರದ ಕಡ್ಡಿಗಳು ಮುಟ್ಟಿದರೆ ಒಂದೊಂದು ಒಂದೊಂದು ಸ್ವರ ಹೇಳುತ್ತವೆ. ಚೈನು ತಿಂಗಳೊಪ್ಪತ್ತಿನಲ್ಲಿ ಸೊರಗುತ್ತದಂತೆ, ಬಿಡಿಭಾಗ ತರಿಸಿದರೆ ಎರಡು ತಿಂಗಳಂತೆ. ಇನ್ನು ಒಳ್ಳೆಯದನ್ನೂ ಹೇಳಬೇಕು. ಎಂಜಿನ್ನು ಹಳೆಯ ಕಾಲದ ಸರಳ ಜಾತಿ, ಬಿಚ್ಚಿದರೆ ಅರ್ಥವಾಗುವಂಥದು. ಚೌಕಟ್ಟಿನ ಬೆಸುಗೆಯನ್ನು ಟಾರ್ಚು ಹಿಡಿದು ಅಂಗುಲ ಅಂಗುಲ ನೋಡಿದರು, ಬಿರುಕಿಲ್ಲ. ಪ್ರತಿಯೊಂದು ಬೋಲ್ಟನ್ನೂ ಬಿಚ್ಚಿ, ಮತ್ತೆ ಬಿಗಿಮಾಡಿ, ನಟ್ಟಿನಿಂದ ಕಬ್ಬಿಣಕ್ಕೆ ಒಂದು ಕೆಂಪು ಗೆರೆ ಎಳೆಯುತ್ತಾರೆ. ನಟ್ಟು ಕೂದಲೆಳೆಯಷ್ಟು ಕದಲಿದರೂ ಗೆರೆ ಮುರಿದು ಕಾಣುತ್ತದೆ. ನಿನ್ನ ಮಗಳು ತನ್ನ ಉಗುರಿನ ಬಣ್ಣದ ಶೀಸೆ ತೆಗೆದು, ಅರವತ್ತೆರಡು ಗೆರೆ ತಾನೇ ಎಳೆದಳು. ನಾನು ಅಚ್ಚಿನ ತಪ್ಪಿಗೆ ಹಾಕುವ ಗುರುತಿಗಿಂತ ಅವು ನೀಟಾಗಿದ್ದವು. ನನ್ನ ಅಭಿಪ್ರಾಯ ಕೇಳಿದರೆ, ಸೋಮಾರಿಯ ಕೈಗೆ ಈ ಬೈಕು ದಂಡ. ಅವಳ ಕೈಗೆ ಅಲ್ಲ.

ಆಮೇಲೆ ನಡೆದದ್ದನ್ನೂ ಬರೆಯಬೇಕು. ಕೊನೆಗೆ ಉಳಿದದ್ದು ಹಿಂದಿನ ಚಕ್ರದ ದೊಡ್ಡ ನಟ್ಟು. ಅದು ತಿರುಗಿ ಸಡಿಲವಾಗದ ಹಾಗೆ ಅಡ್ಡಕ್ಕೆ ಒಂದು ಕವಲು ಪಿನ್ನು ತೂರಿಸಿ ತುದಿ ಬಗ್ಗಿಸುತ್ತಾರೆ, ನಿನಗೆ ಗೊತ್ತೇ ಇದೆ. ಪೆಟ್ಟಿಗೆಯಲ್ಲಿ ಬಂದ ಪಿನ್ನು ಬಗ್ಗಿಸುವಾಗಲೇ ಲಟಕ್ಕನೆ ಮುರಿಯಿತು. ಬೇರೆಯದು ತರಿಸುತ್ತೇನೆ, ನಾಳೆ ಬನ್ನಿ ಅಂದರು ಮೆಕ್ಯಾನಿಕ್. ಇವಳು ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದಳು. ನಗುತ್ತ ನನ್ನ ತಲೆಗೇ ಕೈ ಹಾಕಿ, ‘ಅತ್ತೆ, ಹೇರ್‌ಪಿನ್ ಕೊಡು, ಒಂದೇ ಒಂದು ಸುತ್ತು ಹೋಗಿ ಬರ್ತೀನಿ’ ಅಂದಳು. ನಾನು ಅವಳ ಕೈಗೆ ಹೊಡೆದೆ ಅಣ್ಣಾ. ಅತ್ತಿಗೆ ಹೋದಮೇಲೆ ಹದಿಮೂರು ವರ್ಷ ಸಾಕಿದ್ದೇನೆ, ಒಂದು ದಿನ ಗದರಿದವಳಲ್ಲ. ಅವಳು ಹೆಲ್ಮೆಟ್ ತೆಗೆದು, ‘ನೀನೂ ಅಪ್ಪನ ಹಾಗೇ. ಹೆದರ್ತೀಯ, ಯಾಕೆ ಅಂತ ಮಾತ್ರ ಹೇಳಲ್ಲ’ ಅಂದಳು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಗಣಿಯ ಟಪಾಲು ಗಾಡಿ ಹತ್ತಕ್ಕೆ ಹೊರಡುತ್ತದೆ. ಗುರುವಾರದ ಗಾಡಿಗೆ ನಿನ್ನ ಉತ್ತರ ಬಂದರೆ ಶನಿವಾರಕ್ಕೆ ಸರಿಹೋಗುತ್ತದೆ. ಮಾತ್ರೆ ತಪ್ಪಿಸಬೇಡ. ಅಡುಗೆಯವನ ಹತ್ತಿರ ಜಗಳವಾಡಿ ಉಪವಾಸ ಬೀಳಬೇಡ.

ನಿನ್ನ ಕ್ಷೇಮವನ್ನೇ ಬಯಸುವ
ತಂಗಿ

ಮರೆಯುವ ಮುನ್ನ: ಇಲ್ಲ, ಮರೆತದ್ದೇ ಇಲ್ಲ. ಇಪ್ಪತ್ತೇಳು ವರ್ಷದ ಹಿಂದೆ, ನೀನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಹಿಂದಿನ ದಿನ, ಅಂಗಳದಲ್ಲಿ ಬೈಕು ಜೋಡಿಸಿ, ಕೊನೆಯ ಪಿನ್ನು ಹಾಕುವ ಕೆಲಸ ನನಗೆ ಕೊಟ್ಟು ಸ್ನಾನಕ್ಕೆ ಹೋದೆ. ಅದು ಕೈಜಾರಿ ಚರಂಡಿಗೆ ಬಿತ್ತು. ಎಂ.ಎ. ಓದೋ ಹುಡುಗಿಗೆ ಒಂದು ಪಿನ್ನು ಹಿಡಿಯೋಕೆ ಬರಲ್ಲ ಅಂತ ನೀನು ವಾರವಿಡೀ ಆಡಿಕೊಳ್ಳುತ್ತೀಯ ಎಂದು, ನನ್ನ ಹೇರ್‌ಪಿನ್ ತೂರಿಸಿ, ಮೇಲೆ ಗ್ರೀಸು ಬಳಿದೆ. ಚಕ್ರ ಕಳಚಿದ್ದು ಅದರಿಂದ. ಆಸ್ಪತ್ರೆಯಲ್ಲಿ ನೀನು ‘ಸ್ವಲ್ಪ ನಿಧಾನಕ್ಕೆ ಹೋಗಬೇಕಿತ್ತು’ ಅಂದಾಗ ನಾನು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಅಪ್ಪ ಕೊನೆಯವರೆಗೂ ನಿನ್ನನ್ನೇ ಬೈದರು. ನೀನೂ ನಂಬಿಬಿಟ್ಟೆ. ನಮ್ಮ ರಕ್ತದಲ್ಲಿ ಏನೂ ಇಲ್ಲ ಅಣ್ಣಾ. ಬೈಕು ಬೇಡ ಅನ್ನುವುದಾದರೆ ಬೇರಿಂಗಿನ ಕಾರಣ ಕೊಟ್ಟು ಅನ್ನು, ಚೈನಿನ ಕಾರಣ ಕೊಟ್ಟು ಅನ್ನು. ನಿನ್ನ ವೇಗದ ಕಾರಣ ಕೊಡಬೇಡ. ಈ ಪತ್ರವನ್ನು ಟಪಾಲಿಗೆ ಹಾಕಲು ಅವಳ ಕೈಗೇ ಕೊಡುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ.