ಪ್ರಾಗ್‌ನಿಂದ ಲಿಸ್ಬನ್‌ಗೆ

ಮೈಥಿಲಿ,

ಇವತ್ತು ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಅಡುಗೆಮನೆಯ ಸ್ಪೀಕರ್ ತಾನಾಗಿ ಮಾತಾಡಿತು. ಪ್ರಾಗ್‌ನಿಂದ ಲಿಸ್ಬನ್‌ಗೆ ಸುಮಾರು ಸಾವಿರದ ನಾನೂರು ಮೈಲಿ, ವಿಮಾನದಲ್ಲಿ ಮೂರೂವರೆ ಗಂಟೆ ಎಂದಿತು. ನಾನಾಗಲಿ ಶಶಾಂಕ್ ಆಗಲಿ ಏನೂ ಕೇಳಿರಲಿಲ್ಲ.

ಶನಿವಾರ ನೀನು ಫೇರ್‌ಫ್ಯಾಕ್ಸ್‌ನಿಂದ ನಮ್ಮ ಮನೆಗೆ ಬಂದಾಗಲೆಲ್ಲ, ನಾವು ಓದುತ್ತಿದ್ದ ಅನುವಾದದ ಕಾದಂಬರಿಯಲ್ಲಿ ಬರುವ ಪ್ರಾಗ್, ಲಿಸ್ಬನ್‌ನಂಥ ಊರುಗಳ ನಡುವಿನ ದೂರವನ್ನು ಈ ಸ್ಪೀಕರ್ ಹತ್ತಿರ ಕೇಳುತ್ತಿದ್ದೆವು. ನಿನ್ನ ಹೆಸರಿನಲ್ಲೊಂದು ಪ್ರೊಫೈಲ್ ಮಾಡಿ ನಿನ್ನ ದನಿಯ ಗುರುತನ್ನೂ ಅದಕ್ಕೆ ಕೊಟ್ಟಿದ್ದೆ.

"ಟೀವಿ ಸೌಂಡ್ ಕೇಳಿಸ್ಕೊಂಡಿರತ್ತೆ ಕಣೆ," ಎಂದ ಶಶಾಂಕ್. ಟೀವಿ ಆನ್ ಆಗಿರಲಿಲ್ಲ. ಫೋನಿನಲ್ಲಿ ಸ್ಪೀಕರಿನ ಆ್ಯಪ್ ತೆರೆದೆ. ಕೇಳಿದವರು ಮೈಥಿಲಿ, ಇವತ್ತು ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಎಂದಿತ್ತು. ನೀನು ತೀರಿಹೋಗಿ ಹದಿನಾಲ್ಕು ತಿಂಗಳಾಗಿದೆ.

"ಅವ್ಳ ಪ್ರೊಫೈಲ್ ಡಿಲೀಟ್ ಮಾಡ್ಬಿಡು. ನಂಗೇ ಒಂಥರಾ ಆಗ್ತಿದೆ," ಎಂದು ಅವನು ಆಫೀಸಿಗೆ ಹೊರಟ.

ಎರಡನೇ ಕೀಮೋ ಆದಮೇಲೆ ನೀನು, "ಆ ಎರಡೂ ಊರು ನೋಡ್ಕೊಂಡು ಬರೋಣ ಬಾರೇ, ಒಂದೇ ವಾರ," ಎಂದಿದ್ದೆ. "ಅಮೆರಿಕ ಬಿಟ್ಟು ಹೊರಗೆ ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಆಗ್ಬೇಕು. ಗ್ರೀನ್ ಕಾರ್ಡ್ ಬರ್ಲಿ, ಅಷ್ಟು ದೂರ ಆಮೇಲೆ ಹೋಗೋಣ," ಎಂದೆ ನಾನು. ನೀನು ಪುಟ ತಿರುಗಿಸಿದೆ. ಕಾರ್ಡ್ ಈ ಮಾರ್ಚಿನಲ್ಲಿ ಬಂತು.

ಪ್ರೊಫೈಲ್ ಅಳಿಸುವ ಮೊದಲು ಬೆಳಗಿನ ರೆಕಾರ್ಡಿಂಗ್ ಹಾಕಿದೆ. ನಿನ್ನದೇ ದನಿ, ಕಾಯಿಲೆಗೆ ಮುಂಚಿನದು. ನೀನು ಪ್ರಶ್ನೆ ಕೇಳಿದೆ, ಸ್ಪೀಕರ್ ಉತ್ತರ ಹೇಳಿತು. ಆಮೇಲೆ ನೀನು, ಪಕ್ಕದಲ್ಲಿ ನಿಂತವಳಿಗೆ ಹೇಳುವ ಹಾಗೆ, ಮೆಲ್ಲಗೆ ಹೇಳಿದೆ: "ಅಷ್ಟೇ ಕಣೇ ದೂರ."